ಮದುವೆಯ ಚಿತ್ರಕ್ಕೆ ಯಾವ ಮಸೂರ?

ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಗರ್ಭಗುಡಿಯ ಹಿಂಬದಿಗೆ ಒಂದು ಕತ್ತಲೆಯ ಕೋಣೆಯುಂಟು. ಅಲ್ಲಿ ಚಿಕ್ಕದೊಂದು ಕಿಂಡಿಯಿಂದ ಒಳಬರುವ ಬೆಳಕು, ಸುಮಾರು 50 ಮೀಟರ್ ಎತ್ತರದ ಗೋಪುರದ ಬಿಂಬವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಬೆಳಕು ಸರಳರೇಖೆಯಲ್ಲಿ ಸಾಗುವುದರಿಂದ ಗೋಪುರದ ತುದಿಯ ಕಿರಣ ಕೆಳಕ್ಕೂ ಬುಡದ ಕಿರಣ ಮೇಲಕ್ಕೂ ಬೀಳುವುದು. ಇದು ಮಸೂರವಿಲ್ಲದ ಕ್ಯಾಮರಾ. ಕಿಂಡಿ ಕಿರಿದಾದುದರಿಂದ ಬಿಂಬ ಮಂಕು. ಕಿಂಡಿಯನ್ನು ಹಿಗ್ಗಿಸಿದರೆ ಬೆಳಕು ಹೆಚ್ಚುವುದು, ಆದರೆ ಬಿಂಬ ಕಲಸಿಹೋಗುವುದು. ಬೆಳಕನ್ನೂ ಸ್ಫುಟತೆಯನ್ನೂ ಒಟ್ಟಿಗೆ ದೊರಕಿಸಿಕೊಡುವುದೇ ಮಸೂರದ ಕೆಲಸ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯ ಚಿತ್ರಗಳನ್ನು ತೆಗೆದನು. ಅಂತಹ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಕಲ್ಲಿನ ಮಂಟಪಗಳು ಅಷ್ಟು ಹೊತ್ತೂ ಅಲುಗದೆ ನಿಂತಿರುತ್ತವೆ. ಮದುವೆಯ ಮಂಟಪದಲ್ಲಿ ಹಾಗಲ್ಲ. ಅಂತರಪಟ ಸರಿದು ವಧೂವರರು ಜೀರಿಗೆ-ಬೆಲ್ಲ ಹಾಕುವ ಗಳಿಗೆ, ಮಾಂಗಲ್ಯಧಾರಣೆಯ ಗಳಿಗೆ ಒಮ್ಮೆ ಮಾತ್ರ ಬರುತ್ತವೆ. ಚಿತ್ರ ಕೆಟ್ಟಿತು, ಇನ್ನೊಮ್ಮೆ ಕಟ್ಟಿರೆಂದು ಕೇಳುವಂತಿಲ್ಲ.

ಮೊದಲ ಬಾರಿಗೆ ಮದುವೆಯ ಚಿತ್ರ ತೆಗೆಯಲು ಹೊರಟವರ ಮನಸ್ಸು ಸಾಮಾನ್ಯವಾಗಿ ದೂರದ್ದನ್ನು ಹತ್ತಿರ ತರುವ ಉದ್ದನೆಯ ಮಸೂರದತ್ತ ಓಡುತ್ತದೆ. ಅದಕ್ಕೆ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಎಷ್ಟು ದೂರದಲ್ಲಿ ನಿಲ್ಲುವೆವು? ಅಲ್ಲಿ ಎಷ್ಟು ಬೆಳಕಿರುವುದು?

ಮೊದಲು ದೂರವನ್ನು ಪರಿಶೀಲಿಸೋಣ. ಕ್ಯಾಮರಾದ ಸಂವೇದಕದ ಅಗಲವನ್ನು ನಿಂತ ದೂರದಿಂದ ಗುಣಿಸಿ ಮಸೂರದ ಸಂಗಮದೂರದಿಂದ ಭಾಗಿಸಿದರೆ, ಚಿತ್ರದಲ್ಲಿ ಹಿಡಿಸುವ ದೃಶ್ಯದ ಅಗಲ ಬರುವುದು. ಹೊಸಬರ ಕ್ಯಾಮರಾಗಳಲ್ಲಿ ಅನೇಕವಕ್ಕೆ ಸಂವೇದಕದ ಅಗಲ ಸುಮಾರು 23.5 ಮಿ.ಮೀ. ಮೂರು ಮೀಟರ್ ದೂರದಿಂದ 18 ಮಿ.ಮೀ. ಮಸೂರ ಸುಮಾರು 3.9 ಮೀಟರ್, 35 ಮಿ.ಮೀ. ಮಸೂರ 2 ಮೀಟರ್, 50 ಮಿ.ಮೀ. ಮಸೂರ 1.4 ಮೀಟರ್ ಅಗಲವನ್ನು ಹಿಡಿಯುವುವು. ವಧೂವರರಿಬ್ಬರೂ ಪುರೋಹಿತರೂ ಕೂಡಿಬರಲು ಎರಡು ಮೀಟರ್ ಸಾಕು. 18 ಮಿ.ಮೀ. ಮಸೂರ ಹಿಡಿದು ತೀರ ಹತ್ತಿರ ನುಗ್ಗಿದರೆ ಮೂಗು ದಪ್ಪವಾಗಿ ಕಾಣುವುದು. ಅದಕ್ಕೆ ಕಾರಣ ಮಸೂರವಲ್ಲ, ನಿಂತ ದೂರ.

ಇನ್ನು ಬೆಳಕು. ಸಂಗಮದೂರವನ್ನು ಮಸೂರದ ದ್ಯುತಿರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವುದೇ ಎಫ್-ಸಂಖ್ಯೆ. ಅದು ಕಡಿಮೆಯಾದಷ್ಟೂ ಬೆಳಕು ಹೆಚ್ಚು, ಅದೂ ವರ್ಗದ ಪ್ರಮಾಣದಲ್ಲಿ. ಕ್ಯಾಮರಾದೊಡನೆ ಬರುವ 18-55 ಮಿ.ಮೀ. ಜೂಮ್ ಮಸೂರವನ್ನು 35ಕ್ಕೆ ಹೊಂದಿಸಿದರೆ ಅದರ ಕನಿಷ್ಠ ಎಫ್-ಸಂಖ್ಯೆ ಸುಮಾರು 4.5. ಎಫ್ 1.8ರ ಮಸೂರ ಇದಕ್ಕಿಂತ ಆರು ಪಟ್ಟಿಗೂ ಮಿಗಿಲಾಗಿ ಬೆಳಕನ್ನು ಒಳಬಿಡುವುದು. ಅದಕ್ಕೆ ಸೆಕೆಂಡಿನ 125ನೆಯ ಒಂದು ಭಾಗ ಸಾಕಾದಲ್ಲಿ ಜೂಮ್ ಮಸೂರಕ್ಕೆ 20ನೆಯ ಒಂದು ಭಾಗ ಬೇಕು. ತಾಳಿ ಕಟ್ಟುವ ಕೈ ಸೆಕೆಂಡಿಗೆ 20 ಸೆಂ.ಮೀ. ಚಲಿಸಿದರೆ, ಮೊದಲನೆಯದರಲ್ಲಿ ಅದು ಸರಿಯುವುದು 1.6 ಮಿ.ಮೀ.; ಎರಡನೆಯದರಲ್ಲಿ ಒಂದು ಸೆಂ.ಮೀ. ಬೆರಳುಗಳು ಮಸುಕಾಗಲು ಅಷ್ಟು ಸಾಕು. ಸಂವೇದಕದ ಐಎಸ್‌ಒ ಅಂಕವನ್ನು ಏರಿಸಿಯೂ ವೇಗ ಪಡೆಯಬಹುದು. ಆದರೆ ಏರಿಸಿದಷ್ಟೂ ಚಿತ್ರ ಕಾಳುಕಾಳಾಗುವುದು.

ಆದುದರಿಂದ ಹೊಸಪೇಟೆಯ ಕಲ್ಯಾಣಮಂಟಪದೊಳಗೆ ದೀಪದ ಬೆಳಕಿನಲ್ಲಿ ನಡೆಯುವ ಮದುವೆಗೆ 35 ಮಿ.ಮೀ., ಎಫ್ 1.8ರ ಮಸೂರವೊಂದನ್ನು ಕೊಂಡರೆ, ಇಲ್ಲವೆ ಬಾಡಿಗೆಗೆ ತಂದರೆ, ಮುಹೂರ್ತದ ಕೆಲಸ ಸಾಗುವುದು. ಮೂರು ಮೀಟರ್ ದೂರದಲ್ಲಿ ಇದು ಪೂರ್ಣ ತೆರೆದಾಗ ಸ್ಫುಟವಾಗಿ ಮೂಡುವ ಆಳ ಸುಮಾರು ಅರ್ಧ ಮೀಟರ್ ಮಾತ್ರ. ಅಕ್ಕಪಕ್ಕ ಕುಳಿತ ಇಬ್ಬರಿಗೆ ಅದು ಸಾಕು. ಮೂರು ಸಾಲಾಗಿ ನಿಂತ ಬಂಧುಬಳಗಕ್ಕೆ ಸಾಲದು. ಅಲ್ಲಿ ಎಫ್-ಸಂಖ್ಯೆಯನ್ನು 5.6 ಅಥವಾ 8ಕ್ಕೆ ಏರಿಸಬೇಕು. ಬಳಗದ ಚಿತ್ರಕ್ಕೂ, ಕಂಪ್ಲಿಯ ಮನೆಯಂಗಳದ ಚಪ್ಪರದಡಿ ಹಗಲಿನಲ್ಲಿ ನಡೆಯುವ ಶಾಸ್ತ್ರಗಳಿಗೂ ಕೈಯಲ್ಲಿರುವ ಜೂಮ್ ಮಸೂರವೇ ಒದಗುವುದು.

ಉದ್ದನೆಯ ಮಸೂರ ಅನಾವಶ್ಯಕವೆಂದಲ್ಲ. ವೇದಿಕೆಯ ಹತ್ತಿರ ಹೋಗಲಾಗದಿದ್ದರೆ ಅದು ಬೇಕಾಗುವುದು. ಅದನ್ನು ತಿಳಿಯಲು ಹಿಂದಿನ ದಿನವೇ ಮಂಟಪಕ್ಕೆ ಹೋಗಿ, ನಿಲ್ಲುವ ಜಾಗದಿಂದ ಹಸೆಮಣೆಯವರೆಗಿನ ದೂರವನ್ನು ಅಳೆಯಿರಿ. ದೀಪಗಳನ್ನೆಲ್ಲ ಹಾಕಿಸಿ, ಗೆಳೆಯರಿಬ್ಬರನ್ನು ಅಲ್ಲಿ ಕುಳ್ಳಿರಿಸಿ, ಕೈಯಾಡಿಸಲು ಹೇಳಿ ನಾಲ್ಕು ಚಿತ್ರ ತೆಗೆದು ನೋಡಿರಿ. ಅವರ ಬೆರಳುಗಳು ಸ್ಫುಟವಾಗಿ ಮೂಡಿದರೆ ಮರುದಿನದ ಮುಹೂರ್ತಕ್ಕೆ ನಿಮ್ಮ ಮಸೂರ ಸಿದ್ಧವಾಯಿತೆಂದು ತಿಳಿಯಬಹುದು.