ಹೆಸರಿನ ವಾರಸು, ಕುರ್ಚಿಯ ವಾರಸು

ಕನ್ನಡ ಪತ್ರಿಕೋದ್ಯಮದ ಚರಿತ್ರೆಗಳಲ್ಲಿ ಪತ್ರಿಕೆಗಳ ಹುಟ್ಟಿಗೆ ದೊರೆತಿರುವಷ್ಟು ಗಮನ ಅವುಗಳ ವಾರಸುದಾರಿಕೆಗೆ ದೊರೆತಿಲ್ಲ. ಯಾರು, ಯಾವ ಊರಿನಲ್ಲಿ, ಯಾವ ವರ್ಷ ಪತ್ರಿಕೆ ಹೊರಡಿಸಿದರೆಂಬ ವಿವರಗಳು ಪುಟಗಟ್ಟಲೆ ಸಿಗುತ್ತವೆ; ಆ ಸಂಪಾದಕರು ತೀರಿಕೊಂಡಾಗ ಅಥವಾ ದಣಿದು ಕೈಬಿಟ್ಟಾಗ ಅವರ ಜಾಗಕ್ಕೆ ಯಾರು ಬಂದರು, ಅವರನ್ನು ಆರಿಸಿದವರು ಯಾರು, ಯಾವ ಯೋಗ್ಯತೆ ನೋಡಿ ಆರಿಸಿದರು ಎಂಬಲ್ಲಿಗೆ ಬಂದೊಡನೆ ಚರಿತ್ರಕಾರರು ಅವಸರಕ್ಕೆ ಬೀಳುತ್ತಾರೆ. ಹೀಗೆ ಬದಿಗೆ ಸರಿದ ಪ್ರಸಂಗಗಳ ಪೈಕಿ 2000ನೇ ಇಸವಿಯ ಆರಂಭದಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಮಾತುಕತೆ ವಿಶೇಷವಾದುದು, ಏಕೆಂದರೆ ಪತ್ರಿಕೆಯ ವಾರಸುದಾರರು ಅಲ್ಲಿಗೆ ಹೋದದ್ದು ಪತ್ರಿಕೆ ತಮಗೆ ಬೇಕೆಂದು ಕೇಳುವುದಕ್ಕಲ್ಲ, ಅದನ್ನು ನಿಲ್ಲಿಸಿಬಿಡೋಣವೆಂದು ಹೇಳುವುದಕ್ಕೆ.

ಆ ಪ್ರಸಂಗದ ಸ್ವಾರಸ್ಯ ತಿಳಿಯಬೇಕಾದರೆ ಅದಕ್ಕೆ ತೀರ ಎದುರಾಗಿ ನಿಲ್ಲುವ ಇನ್ನೊಂದು ಪದ್ಧತಿಯನ್ನು ಮೊದಲು ನೋಡಬೇಕಾಗುತ್ತದೆ. 1892ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ 'ವೋಗ್' ಎಂಬ ಫ್ಯಾಷನ್ ಪತ್ರಿಕೆಯನ್ನು 1909ರಲ್ಲಿ ಕಾಂಡೆ ನಾಸ್ಟ್ ಎಂಬ ಪ್ರಕಾಶಕ ಕೊಂಡುಕೊಂಡ ಮೇಲೆ ಅಲ್ಲಿ ಸಂಪಾದಕಿ ಎಂದರೆ ಸಂಸ್ಥೆಯ ನೌಕರಳು, ಅವಳ ಸ್ಥಾನ ಒಂದು ಹುದ್ದೆ. 1895ರಲ್ಲಿ 18ರ ಹರೆಯದಲ್ಲಿ ಲಕೋಟೆಗಳ ಮೇಲೆ ವಿಳಾಸ ಬರೆಯುವ ಕೆಲಸಕ್ಕೆ ಸೇರಿದ ಎಡ್ನಾ ವೂಲ್ಮನ್ ಚೇಸ್ 1914ರಲ್ಲಿ ಅದೇ ಪತ್ರಿಕೆಯ ಸಂಪಾದಕಿಯಾಗಿ ನಾಲ್ಕು ದಶಕಗಳ ಹತ್ತಿರ ಆಳಿದರೆಂಬುದು ಈ ಪದ್ಧತಿಯ ಹಿರಿಮೆ. 1971ರಲ್ಲಿ ಡಯಾನಾ ವ್ರೀಲ್ಯಾಂಡರನ್ನು ತೆಗೆದು ಅವರ ಸಹಾಯಕಿಯಾಗಿದ್ದ ಗ್ರೇಸ್ ಮಿರಬೆಲ್ಲಾರನ್ನು ಕೂರಿಸಿದ್ದೂ, ಪತ್ರಿಕೆಯ ಪ್ರಸಾರವನ್ನು ನಾಲ್ಕು ಲಕ್ಷದಿಂದ ಹನ್ನೆರಡು ಲಕ್ಷಕ್ಕೆ ಏರಿಸಿದ ಆ ಮಿರಬೆಲ್ಲಾ 1988ರಲ್ಲಿ ತಮ್ಮ ಕೆಲಸ ಹೋದದ್ದನ್ನು ಟೆಲಿವಿಷನ್ನಿನ ಗಾಳಿಮಾತಿನ ಕಾರ್ಯಕ್ರಮದ ಮೂಲಕ ತಿಳಿಯಬೇಕಾಗಿ ಬಂದದ್ದೂ ಅದೇ ಪದ್ಧತಿಯ ಕ್ರೌರ್ಯ. ಅಂದು ಆ ಜಾಗಕ್ಕೆ ಬಂದ ಅನಾ ವಿಂಟೂರ್ 37 ವರ್ಷಗಳ ಬಳಿಕ 2025ರ ಜೂನ್ ತಿಂಗಳಲ್ಲಿ ಅಮೆರಿಕದ ಆವೃತ್ತಿಯ ನಿತ್ಯದ ಹೊಣೆಯನ್ನು ಬಿಟ್ಟರೂ ಜಾಗತಿಕ ಮೇಲ್ವಿಚಾರಣೆಯನ್ನು ಕೈಯಲ್ಲೇ ಇಟ್ಟುಕೊಂಡರು. ಸೆಪ್ಟೆಂಬರಿನಲ್ಲಿ ಕ್ಲೋಯಿ ಮಾಲ್ ನೇಮಕವಾದಾಗ ಅವರಿಗೆ ದೊರೆತದ್ದು ಪ್ರಧಾನ ಸಂಪಾದಕಿ ಎಂಬ ಹಳೆಯ ಪದವಿಯಲ್ಲ, ಸಂಪಾದಕೀಯ ವಿಭಾಗದ ಮುಖ್ಯಸ್ಥೆ ಎಂಬ ಹೊಸ ಪದನಾಮ. ಹೊಸಬರು ನಟಿ ಕ್ಯಾಂಡಿಸ್ ಬರ್ಗೆನ್ ಮತ್ತು ನಿರ್ದೇಶಕ ಲೂಯಿ ಮಾಲ್ ಅವರ ಮಗಳೆಂಬುದನ್ನು ಅಲ್ಲಿನ ಪತ್ರಿಕೆಗಳು ಬರೆಯದೆ ಬಿಡಲಿಲ್ಲ. ಮನೆತನದ ಪ್ರಶ್ನೆ ಕಂಪನಿಯ ಬಾಗಿಲಲ್ಲೂ ಪೂರ್ತಿ ನಿಲ್ಲುವುದಿಲ್ಲವೆಂದಾಯಿತು.

ಕನ್ನಡದಲ್ಲಿ ಆ ಮಟ್ಟದ ಸ್ವತಂತ್ರ ಫ್ಯಾಷನ್ ಪತ್ರಿಕೆ ಬೆಳೆಯಲಿಲ್ಲ. ಊರಿಗೆ ಊರೇ ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಏಳುವ ದೊಡ್ಡಬಳ್ಳಾಪುರದಂಥ ಸೀರೆಯ ಪೇಟೆ ರಾಜಧಾನಿಯ ಮಗ್ಗುಲಲ್ಲೇ ಇದ್ದರೂ, ಉಡುಗೆತೊಡುಗೆಯ ಮಾತು ಇಲ್ಲಿ ವಾರಪತ್ರಿಕೆಗಳ ಹೊಲಿಗೆ, ಕಸೂತಿ, ರಂಗೋಲಿಗಳ ಪುಟವನ್ನು ದಾಟಲಿಲ್ಲ. ಹತ್ತಿರದ ಸಂಬಂಧಿಗಳೆಂದು ಹೇಳಬಹುದಾದವು ಮಹಿಳಾ ಪತ್ರಿಕೆಗಳು, ಮತ್ತು ಅವುಗಳ ಕಥೆಯಲ್ಲಿ ಉತ್ತರಾಧಿಕಾರ ಎಂಬ ಅಧ್ಯಾಯವೇ ಇಲ್ಲ. ಬಾಲ್ಯದಲ್ಲೇ ವಿಧವೆಯಾಗಿ, 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ಕಟ್ಟಿ, 1916ರಲ್ಲಿ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ ನಂಜನಗೂಡು ತಿರುಮಲಾಂಬಾ ಅವರನ್ನು ಕನ್ನಡದ ಮೊದಲ ಪತ್ರಕರ್ತೆಯೆಂದು ಇಂದು ಎಲ್ಲರೂ ಹೊಗಳುತ್ತಾರೆ, ಅವರ ಹೆಸರಿನಲ್ಲಿ 'ಶಾಶ್ವತಿ' ಸಂಸ್ಥೆಯ ಪ್ರಶಸ್ತಿಯೂ ಇದೆ. ಆದರೆ ಪತ್ರಿಕೆ ಬಹುಬೇಗ ನಿಂತು, ಅವರೂ ದಶಕಗಳ ಮೌನಕ್ಕೆ ಸಂದು, 1982ರಲ್ಲಿ ತೀರಿಕೊಳ್ಳುವವರೆಗೆ ಆ ಕುರ್ಚಿಯನ್ನು ಕೇಳಿಕೊಂಡು ಬಂದವರಾರೂ ಕಾಣುವುದಿಲ್ಲ. ಆರ್. ಕಲ್ಯಾಣಮ್ಮನವರ 'ಸರಸ್ವತಿ'ಯದು ಇನ್ನೂ ಹೊಟ್ಟೆ ಉರಿಸುವ ಸಂಗತಿ. 1921ರಲ್ಲಿ ಆರಂಭವಾಗಿ 42 ವರ್ಷ ಒಬ್ಬ ಹೆಂಗಸಿನ ಹಟದ ಮೇಲೆ ನಡೆದ, ಒಂದು ತಲೆಮಾರಿನ ಗೃಹಿಣಿಯರಿಗೆ ಓದುವ ಚಟವನ್ನೂ ಬರೆಯುವ ಧೈರ್ಯವನ್ನೂ ಕೊಟ್ಟ ಮಾಸಪತ್ರಿಕೆಯನ್ನು ಮುಂದಕ್ಕೆ ಕೊಂಡೊಯ್ಯಲು ಅಷ್ಟೊಂದು ಸಂಸ್ಥೆ, ಸಮಾಜ, ಪರಿಷತ್ತುಗಳಿದ್ದ ಬೆಂಗಳೂರಿನಲ್ಲಿ ಒಂದು ಕೈ ಮುಂದೆ ಬರಲಿಲ್ಲ. ಮಕ್ಕಳಿಗಾಗಿ ಅವರು ಕಟ್ಟಿದ ಮಕ್ಕಳ ಕೂಟ ಚಾಮರಾಜಪೇಟೆಯಲ್ಲಿ ಇಂದಿಗೂ ಉಳಿದಿದೆ, ಏಕೆಂದರೆ ಅದು ಸಂಸ್ಥೆಯಾಗಿತ್ತು. ಪತ್ರಿಕೆ ಮಾತ್ರ ಕಲ್ಯಾಣಮ್ಮನವರೇ ಆಗಿತ್ತು.

ಗಂಡಸರ ಪತ್ರಿಕೆಗಳ ಪಾಡೂ ಬೇರೆಯಾಗಿರಲಿಲ್ಲವೆನ್ನಬೇಕು. ಹೆಸರಿನ ಮೊದಲಕ್ಷರದಲ್ಲೇ ದೇವನಹಳ್ಳಿಯನ್ನು ಹೊತ್ತ ಡಿ.ವಿ. ಗುಂಡಪ್ಪನವರ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಅವರು ಕೈಬಿಟ್ಟೊಡನೆ ಮುಗಿಯಿತು. ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಹೊರಡಿಸಿದ ಹಾಸ್ಯಮಾಸಿಕ 'ಕೊರವಂಜಿ' 25 ವರ್ಷ ತುಂಬಿಸಿ 1967ರಲ್ಲಿ ನಿಂತು, 1983ರಲ್ಲಿ 'ಅಪರಂಜಿ' ಎಂಬ ಬೇರೆ ಹೆಸರಿನಲ್ಲಿ ಮರುಹುಟ್ಟು ಪಡೆಯಿತು. ನಡುವಿನ ಹದಿನಾರು ವರ್ಷ ಕುರ್ಚಿ ಖಾಲಿಯೇ ಇತ್ತು. 1965ರಲ್ಲಿ ಬಂದ 'ಸುಧಾ', 1983ರಲ್ಲಿ ಮಣಿಪಾಲದಿಂದ ಬಂದ 'ತರಂಗ' ಮುಂತಾದವು ದೊಡ್ಡ ಸಂಸ್ಥೆಗಳ ಪತ್ರಿಕೆಗಳಾದ್ದರಿಂದ ಅಲ್ಲಿ ಸಂಪಾದಕರ ಬದಲಾವಣೆ ವರ್ಗಾವಣೆಯಷ್ಟು ಸಲೀಸಾಗಿ ನಡೆದಿದೆ, ಅದರಲ್ಲಿ ಕಥೆಯಾಗುವಂಥದ್ದು ಕಡಿಮೆ.

ಕಥೆ ಇರುವುದು 'ಲಂಕೇಶ್ ಪತ್ರಿಕೆ'ಯಲ್ಲಿ. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ಪಿ. ಲಂಕೇಶ್ ಇಂಗ್ಲಿಷ್ ಅಧ್ಯಾಪಕರಾಗಿ, ಕಥೆಗಾರರಾಗಿ, ನಾಟಕಕಾರರಾಗಿ, 'ಪಲ್ಲವಿ' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಿರ್ದೇಶಕರಾಗಿ ಹೆಸರು ಮಾಡಿದ ಮೇಲೆ, 1980ರ ಜುಲೈ ತಿಂಗಳಲ್ಲಿ ಈ ಕಪ್ಪುಬಿಳುಪು ವಾರಪತ್ರಿಕೆಯನ್ನು ಆರಂಭಿಸಿದರು. ಜಾಹೀರಾತು ಪಡೆಯುವುದಿಲ್ಲವೆಂಬುದು ಅದರ ನಿಯಮವಾಗಿತ್ತು. ಅಂದರೆ ಓದುಗ ಕೊಡುವ ಬಿಡಿಪ್ರತಿಯ ದುಡ್ಡಿನಿಂದಲೇ ಕಾಗದ, ಮುದ್ರಣ, ಸಂಬಳ ಎಲ್ಲವೂ ನಡೆಯಬೇಕಿತ್ತು. ತನ್ನನ್ನು ಕನ್ನಡ ಜಾಣ ಜಾಣೆಯರ ಪತ್ರಿಕೆಯೆಂದು ಕರೆದುಕೊಂಡು, ಓದುಗನ ಪಕ್ಕದಲ್ಲಿ ಓದುಗಳನ್ನೂ ಸಮವಾಗಿ ಕೂರಿಸಿದ ಈ ಪತ್ರಿಕೆ, ಮಹಿಳಾ ಪತ್ರಿಕೆಯೆಂಬ ಹಣೆಪಟ್ಟಿಯಿಲ್ಲದೆಯೇ 'ಸರಸ್ವತಿ' ಬಿಟ್ಟುಹೋದ ಕೆಲಸದ ಒಂದು ಪಾಲನ್ನು ಮಾಡಿತೆಂಬುದು ಗಮನಿಸಬೇಕಾದ ಮಾತು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು ಇದರಲ್ಲಿ. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ವರದಿಗಾರ್ತಿಯಾಗಿ ದುಡಿದದ್ದೂ ಇದರಲ್ಲಿಯೇ. ಪೂರ್ಣಚಂದ್ರ ತೇಜಸ್ವಿಯವರ ಪರಿಸರದ ಕಥೆಗಳು, ಮುಖ್ಯಮಂತ್ರಿಗಳನ್ನು ಬೆವರಿಳಿಸುವ ರಾಜಕೀಯ ವರದಿಗಳು, 'ನೀಲು' ಎಂಬ ಹೆಸರಿನ ಪುಟ್ಟ ಪದ್ಯಗಳು, ಎಲ್ಲಕ್ಕೂ ಮಿಗಿಲಾಗಿ ಲಂಕೇಶರ ಸ್ವಂತ 'ಟೀಕೆ ಟಿಪ್ಪಣಿ' ಒಂದೇ ಹೊದಿಕೆಯಲ್ಲಿ ಬರುತ್ತಿದ್ದವು.

2000ದ ಜನವರಿ 25ರಂದು ಲಂಕೇಶ್ ತೀರಿಕೊಂಡಾಗ ಉತ್ತರಾಧಿಕಾರಿಯೆಂದು ಬೆರಳು ತೋರಿಸಿ ಹೇಳಬಹುದಾದ ವ್ಯಕ್ತಿ ಪತ್ರಿಕೆಯಲ್ಲಿರಲಿಲ್ಲ. ಹಿರಿಯ ಮಗಳು ಗೌರಿ ಅಲ್ಲಿಯವರೆಗೆ ಇಂಗ್ಲಿಷ್ ಪತ್ರಿಕೋದ್ಯಮದಲ್ಲಿ ಬೆಳೆದು, ದೆಹಲಿಯಲ್ಲಿ ಈನಾಡು ಬಳಗದ ಟೆಲಿವಿಷನ್ ವಾಹಿನಿಯಲ್ಲಿದ್ದರು. ಕನ್ನಡದಲ್ಲಿ ಬರೆದು ರೂಢಿಯಿರಲಿಲ್ಲ. ಎರಡನೆಯ ಮಗಳು ಕವಿತಾ ಸಿನಿಮಾ ನಿರ್ದೇಶನದಲ್ಲಿದ್ದರು. ಮಗ ಇಂದ್ರಜಿತ್ ತಂದೆಯ ಪತ್ರಿಕೆಯಲ್ಲಿ ಕ್ರೀಡೆಯ ಬಗ್ಗೆ ಬರೆಯುತ್ತಿದ್ದವರು. ತಂದೆಯ ಹೆಸರಿನ ಪತ್ರಿಕೆ ತಂದೆಯ ಬರೆಹವಿಲ್ಲದೆ ನಡೆಯಲಾರದೆಂಬುದು ಮಕ್ಕಳ ಎಣಿಕೆ, ಮತ್ತು ಆ ಎಣಿಕೆಯಲ್ಲಿ ವಿವೇಕವಿತ್ತು. ಗೌರಿ ಮತ್ತು ಇಂದ್ರಜಿತ್ ಪತ್ರಿಕೆಯ ಪ್ರಕಾಶಕರಾಗಿದ್ದ 'ಸಂಜೆವಾಣಿ'ಯ ಮಣಿ ಅವರಲ್ಲಿಗೆ ಹೋಗಿ ಇದನ್ನು ಇಲ್ಲಿಗೇ ಮುಗಿಸುವ ಇರಾದೆಯನ್ನು ತಿಳಿಸಿದರು. ಮಣಿ ಅದಕ್ಕೆ ಒಪ್ಪದೆ ಅವರ ಮನಸ್ಸು ತಿರುಗಿಸಿದರು. ನ್ಯೂಯಾರ್ಕಿನಲ್ಲಿ ಒಡೆಯರು ಸಂಪಾದಕಿಯನ್ನು ಎಬ್ಬಿಸುವ ಕಥೆಗಳಿದ್ದರೆ, ಇಲ್ಲಿ ಎದ್ದುಹೋಗುತ್ತೇವೆಂದವರನ್ನು ಹಿಡಿದು ಕೂರಿಸಲಾಯಿತು. ಗೌರಿ ಸಂಪಾದಕಿಯಾದರು, ಇಂದ್ರಜಿತ್ ವ್ಯವಹಾರದ ಹೊಣೆ ಹೊತ್ತರು.

ಮುಂದಿನ ಐದು ವರ್ಷಗಳಲ್ಲಿ 38ರ ಆಸುಪಾಸಿನಲ್ಲಿ ಕನ್ನಡದ ಲೇಖಕಿಯಾಗಿ ಹೊಸದಾಗಿ ರೂಪುಗೊಂಡ ಗೌರಿ 'ಕಂಡ ಹಾಗೆ' ಎಂಬ ಅಂಕಣದ ಮೂಲಕ ತಮ್ಮದೇ ದನಿಯನ್ನು ಕಂಡುಕೊಂಡರು. ಲಂಕೇಶರ ಗದ್ಯದ ತುಂಟತನವಾಗಲಿ ಸಾಹಿತ್ಯದ ಪುಟಗಳ ಹರಹಾಗಲಿ ಅಲ್ಲಿ ಉಳಿಯಲಿಲ್ಲವೆಂಬ ಹಳೆಯ ಓದುಗರ ಗೊಣಗಾಟ ಸುಳ್ಳಲ್ಲ. ಆದರೆ ಬಾಬಾಬುಡನ್‌ಗಿರಿಯ ವಿವಾದದಂಥ ಸಂದರ್ಭದಲ್ಲಿ ಬರೆದು ಸುಮ್ಮನಾಗದೆ ಬೀದಿಗೂ ಇಳಿದ ಸಂಪಾದಕಿಯನ್ನು ತಂದೆಯ ಪಡಿಯಚ್ಚಾಗಿಲ್ಲವೆಂದು ದೂರುವುದು ನ್ಯಾಯವೂ ಅಲ್ಲ. ಭಿನ್ನಮತ ಹುಟ್ಟಿದ್ದೂ ಅಲ್ಲಿಂದಲೇ. 2005ರ ಫೆಬ್ರವರಿಯಲ್ಲಿ, ಪೊಲೀಸರ ಮೇಲೆ ನಡೆದ ನಕ್ಸಲ್ ದಾಳಿಯ ಕುರಿತ ವರದಿಯೊಂದು ನಕ್ಸಲರ ಪರವಾಗಿದೆಯೆಂದು ಇಂದ್ರಜಿತ್ ಅದನ್ನು ತಡೆದರು. ಕಚೇರಿಯ ಕಂಪ್ಯೂಟರ್, ಪ್ರಿಂಟರ್, ಸ್ಕ್ಯಾನರ್ ಒಯ್ದಿದ್ದಾರೆಂದು ಅಕ್ಕನ ಮೇಲೆ ತಮ್ಮನ ದೂರು, ಬೆದರಿಸಿದರೆಂದು ತಮ್ಮನ ಮೇಲೆ ಅಕ್ಕನ ಪ್ರತಿದೂರು, ಇಬ್ಬರದೂ ಬೇರೆ ಬೇರೆ ಪತ್ರಿಕಾಗೋಷ್ಠಿ ಒಂದರ ಹಿಂದೆ ಒಂದರಂತೆ ನಡೆದುಹೋದವು. ಜಗಳದ ತಿರುಳು ಪತ್ರಿಕೆ ಏನನ್ನು ಬರೆಯಬೇಕೆಂಬುದಾಗಿದ್ದರೂ ಠಾಣೆಯ ಕಾಗದಕ್ಕೆ ಏರಿದ್ದು ಮೂರು ಯಂತ್ರಗಳು.

ಆಗ ಪತ್ರಿಕೆ ಯಾರದೆಂಬ ಪ್ರಶ್ನೆಯನ್ನು ಬಗೆಹರಿಸಲು ಇದ್ದದ್ದು 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯಿದೆ. ಪತ್ರಿಕೆಯ ಮುದ್ರಕ ಮತ್ತು ಪ್ರಕಾಶಕ ಮ್ಯಾಜಿಸ್ಟ್ರೇಟರ ಮುಂದೆ ಮಾಡುವ ಘೋಷಣೆ, ಅಂದರೆ ಪತ್ರಿಕೆಯವರು ಡಿಕ್ಲರೇಷನ್ ಎಂದೇ ಕರೆಯುವ ಪ್ರಮಾಣಪತ್ರ, ಅದರ ಬುಡ. ಪ್ರತಿ ಸಂಚಿಕೆಯ ಮೇಲೂ ಸಂಪಾದಕರ ಹೆಸರು ಅಚ್ಚಾಗಲೇಬೇಕೆಂದು ಕಾಯಿದೆ ಹೇಳುತ್ತಿದ್ದುದು ನಿಜವಾದರೂ, ಅದು ಸುದ್ದಿಯ ಹೊಣೆ ಹೊರಿಸುವುದಕ್ಕಾಗಿ. ಶೀರ್ಷಿಕೆ ಮಾತ್ರ ಮಾಲೀಕರದು. ಒಂದೇ ಭಾಷೆಯಲ್ಲಿ ಒಂದೇ ಹೆಸರಿನ ಅಥವಾ ಗೊಂದಲವಾಗುವಷ್ಟು ಹೋಲುವ ಎರಡು ಪತ್ರಿಕೆಗಳಿಗೆ ಅದು ಎಡೆ ಕೊಡುತ್ತಿರಲಿಲ್ಲ. 'ಲಂಕೇಶ್ ಪತ್ರಿಕೆ' ಇಂದ್ರಜಿತ್ ಅವರಲ್ಲಿ ಉಳಿಯಿತು. ಹೊರಬಂದ ಗೌರಿ ಅದೇ ವರ್ಷ ತಮ್ಮ ಹೆಸರನ್ನೇ ಮುಂದಿಟ್ಟು 'ಗೌರಿ ಲಂಕೇಶ್ ಪತ್ರಿಕೆ'ಯನ್ನು ಆರಂಭಿಸಿದರು. ಒಬ್ಬ ಸಂಪಾದಕನ ಹೆಸರು ಹೀಗೆ ಎರಡು ಪತ್ರಿಕೆಗಳಾಗಿ ಒಡೆದು, ಎರಡೂ ತಾವೇ ನಿಜವಾದ ವಾರಸುದಾರರೆಂಬ ಭಾವದಲ್ಲಿ ಪೆಟ್ಟಿಗೆ ಅಂಗಡಿಯ ದಾರಕ್ಕೆ ಅಕ್ಕಪಕ್ಕ ನೇತುಬಿದ್ದವು. ಈ ಪಾಲುಪಟ್ಟಿಯಲ್ಲಿ ಓದುಗರನ್ನು ಯಾರೂ ಕೇಳಲಿಲ್ಲ.

2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ತಮ್ಮ ಮನೆಯ ಮುಂದೆ ಗೌರಿ ಗುಂಡೇಟಿಗೆ ಬಲಿಯಾದರು. ಹದಿನೇಳು ವರ್ಷಗಳ ಹಿಂದಿನ ಪ್ರಶ್ನೆ ಈ ಬಾರಿ ಹೆಚ್ಚು ಕ್ರೂರವಾಗಿ ಎದುರಾದಾಗ ಅದಕ್ಕೆ ಉತ್ತರ ಕೊಟ್ಟವರು ಕುಟುಂಬದವರಲ್ಲ, ಜೊತೆಗೆ ದುಡಿದವರು. ಅವರು ಒಂದು ವಿಶೇಷ ಸಂಚಿಕೆಯನ್ನು ತಂದು, ಮುಂದೆ 'ನ್ಯಾಯಪಥ' ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. ಕನ್ನಡದಲ್ಲಿ ಬಳಗವೇ ವಾರಸುದಾರನಾದ ವಿರಳ ನಿದರ್ಶನ ಇದು, ಮತ್ತು ಅದಕ್ಕೆ ತೆತ್ತ ಬೆಲೆ ಯಾವ ಪತ್ರಿಕೆಗೂ ಬೇಡದ್ದು.

ಇಂಥ ದೊಡ್ಡ ಹೆಸರುಗಳಾಚೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ತಾಲ್ಲೂಕು ಕೇಂದ್ರಗಳಂಥ ಊರುಗಳ ಸಣ್ಣ ವಾರಪತ್ರಿಕೆಗಳಲ್ಲಿ ಇದೇ ಪ್ರಶ್ನೆ ಸದ್ದಿಲ್ಲದೆ ಬಗೆಹರಿಯುತ್ತದೆ. ಅಲ್ಲಿ ಸಂಪಾದಕ, ಮುದ್ರಕ, ಪ್ರಕಾಶಕ, ಜಾಹೀರಾತು ಕೇಳಿ ತರುವವ ಎಲ್ಲರೂ ಸಾಮಾನ್ಯವಾಗಿ ಒಬ್ಬರೇ, ಕೊನೆಯ ಪುಟದ ಅಡಿಯ ಸಣ್ಣಕ್ಷರದ ಸಾಲಿನಲ್ಲಿ ಅಚ್ಚಾಗುವ ಹೆಸರೂ ಒಂದೇ. ದೊಡ್ಡಬಳ್ಳಾಪುರದ ಉಪವಿಭಾಗಾಧಿಕಾರಿಯ ಕಚೇರಿಯಂಥ ಕಡೆ ಕೈಬರೆಹದ ಸಹಿಯೊಡನೆ ಆಗುತ್ತಿದ್ದ ಡಿಕ್ಲರೇಷನ್ನಿನ ಜಾಗಕ್ಕೆ 2023ರ ಹೊಸ ಕಾಯಿದೆ ಆನ್‌ಲೈನ್ ಅರ್ಜಿಯನ್ನು ತಂದಿದೆ. ಸಂಪಾದಕನಾದವನು ಭಾರತದ ಪ್ರಜೆಯಾಗಿರಬೇಕು, ಸಾಮಾನ್ಯವಾಗಿ ಈ ದೇಶದಲ್ಲೇ ವಾಸವಾಗಿರಬೇಕು ಎಂದು ಅದು ಹೇಳುತ್ತದೆ. ಬರೆಯಲು, ತಿದ್ದಲು ಬರುತ್ತದೆಯೇ ಎಂದು ಹಳೆಯ ಕಾಯಿದೆಯಂತೆ ಅದೂ ಕೇಳುವುದಿಲ್ಲ.