ಅಲಾಸ್ಕಾದ ಹಡಗಿನಲ್ಲಿ ಅಮ್ಮನಿಗೊಂದು ಕಿಟಕಿ

"ರಾತ್ರಿ ಮಲಗೋದಕ್ಕೆ ಒಂದು ಮಂಚ ಸಾಕು. ಅದಕ್ಕೆ ಕಿಟಕಿ ಯಾಕೋ?"

ತೀರ್ಥಹಳ್ಳಿಯಿಂದ ವಿಡಿಯೊ ಕರೆಯಲ್ಲಿ ಅಪ್ಪ ಕೇಳಿದ ಈ ಪ್ರಶ್ನೆಗೆ ಆ ಕ್ಷಣದಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ಜೂನ್ ತಿಂಗಳಲ್ಲಿ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೊರಡುವ ಏಳು ರಾತ್ರಿಗಳ ಹಡಗು ಪ್ರವಾಸಕ್ಕೆ ಕೋಣೆ ಕಾಯ್ದಿರಿಸಲು ಕುಳಿತಿದ್ದೆ. ಪರದೆಯ ಮೇಲೆ ನಾಲ್ಕು ಬಗೆಯ ಕೋಣೆಗಳಿದ್ದವು: ಕಿಟಕಿಯೇ ಇಲ್ಲದ ಒಳಕೋಣೆ, ಕಿಟಕಿಯಿರುವ 'ಓಷನ್ ವ್ಯೂ', ಬಾಲ್ಕನಿ, ಮತ್ತು ನಮ್ಮಂಥವರು ನೋಡಿ ಮುಂದಕ್ಕೆ ಸರಿಸುವ ಸ್ವೀಟ್. ಅಪ್ಪನ ಒಲವು ಮೊದಲನೆಯದರ ಕಡೆಗೆ. ಇಲ್ಲಿನ ಸ್ನೇಹಿತರೆಲ್ಲರ ಸಲಹೆ ಮೂರನೆಯದು. "ಅಲಾಸ್ಕಾಕ್ಕೆ ಹೋಗಿ ಬಾಲ್ಕನಿ ತೆಗೆದುಕೊಳ್ಳದಿದ್ದರೆ ಹೋಗಿದ್ದೇ ದಂಡ" ಎಂದು ಒಬ್ಬರು ತೀರ್ಪನ್ನೇ ಕೊಟ್ಟರು.

ನನ್ನ ಚಿಂತೆ ಬೇರೆಯಾಗಿತ್ತು. ಅಮ್ಮನಿಗೆ ಆಸ್ತಮಾ. ಹಿಂದಿನ ಸಲ ಶರತ್ಕಾಲದಲ್ಲಿ ಇಲ್ಲಿಗೆ ಬಂದಿದ್ದಾಗ ಒಂದು ಸಂಜೆಯ ತಣ್ಣನೆಯ ಗಾಳಿಗೆ ಉಸಿರು ಕಟ್ಟಿ, ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕಳೆಯಬೇಕಾಗಿತ್ತು. ಅಪ್ಪನ ಮಂಡಿಗಳು ಮೆಟ್ಟಿಲು ಕಂಡರೆ ಮುನಿಯುತ್ತವೆ. "ಇದೇ ಕೊನೆಯ ಸಲ, ಇನ್ನು ಅಷ್ಟು ದೂರದ ವಿಮಾನ ಪ್ರಯಾಣ ನಮ್ಮಿಂದಾಗದು" ಎಂದು ಇಬ್ಬರೂ ಹೇಳಿಯಾಗಿತ್ತು. ಆ ಕೊನೆಯ ಸಲದ ಏಳು ದಿನ ಅವರು ಯಾವ ಕೋಣೆಯಲ್ಲಿರಬೇಕು ಎಂಬುದನ್ನು ನಾನು ನಿರ್ಧರಿಸಬೇಕಿತ್ತು.

ತಂಪು ಹವೆಯ ಹಡಗು ಪ್ರವಾಸವೆಂದರೆ ಕೆರಿಬಿಯನ್ ಕಡೆಯದರಂತಲ್ಲ. ಅಲ್ಲಿ ಜನ ಹಗಲಿಡೀ ಈಜುಕೊಳದ ಬಳಿ ಬಿದ್ದುಕೊಂಡಿರುತ್ತಾರೆ. ಕೋಣೆ ಬರಿಯ ನಿದ್ದೆಗೆ. ಆಗ್ನೇಯ ಅಲಾಸ್ಕಾದಲ್ಲಿ ನಡುಬೇಸಿಗೆಯಲ್ಲೂ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 15ರಿಂದ 18 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಹಿಮನದಿಯ ಮುಂದೆ ಅದಕ್ಕಿಂತಲೂ ಕಡಿಮೆ. ಅದರ ಮೇಲೆ ಹಡಗಿನ ವೇಗದಿಂದಲೇ ಹುಟ್ಟುವ ಗಾಳಿ. ಅದರ ಮೇಲೆ ಮಳೆ. ದಾರಿಯಲ್ಲಿ ಸಿಗುವ ಕೆಚಿಕಾನ್ ಎಂಬ ಊರಿನಲ್ಲಿ ವರ್ಷಕ್ಕೆ ಸುಮಾರು 150 ಇಂಚು ಮಳೆ ಸುರಿಯುತ್ತದೆಂದು ಅಮೆರಿಕದವರು ಕಣ್ಣರಳಿಸಿ ಹೇಳುತ್ತಾರೆ. ಆಗುಂಬೆಯ ಪಕ್ಕದವರಾದ ಅಪ್ಪ ಅದನ್ನು ಕೇಳಿ ನಕ್ಕುಬಿಟ್ಟರು. ಆದರೆ ನಮ್ಮ ಮಳೆಯಲ್ಲಿ ನೆನೆದರೆ ಒಲೆಯ ಮುಂದೆ ಕೂರಬಹುದು. ಬಾಲ್ಕನಿಯಲ್ಲಿ ಒದ್ದೆಯಾದ ಕುರ್ಚಿಗೆ ಒಲೆ ಎಲ್ಲಿಂದ ತರುವುದು? ಬಾಲ್ಕನಿ ತೆಗೆದುಕೊಂಡವರಲ್ಲಿ ಹಲವರು ಹೊರಗೆ ನಿಲ್ಲುವುದು ಐದು ನಿಮಿಷ. ಉಳಿದ ಹೊತ್ತೆಲ್ಲ ಬಾಗಿಲು ಮುಚ್ಚಿಕೊಂಡು ಗಾಜಿನ ಒಳಗಿನಿಂದಲೇ ನೋಡುತ್ತಾರೆ. ಗಾಜಿನಿಂದಲೇ ನೋಡುವುದಾದರೆ, ತಲೆಗೆ ಹಲವು ನೂರು ಡಾಲರ್ ಹೆಚ್ಚು ತೆರುವ ಅಗತ್ಯವೇನು?

ಹಾಗೆಂದು ಒಳಕೋಣೆಯೂ ಸರಿಯೆನಿಸಲಿಲ್ಲ. ಅದರಲ್ಲಿ ದೀಪ ಆರಿಸಿದರೆ ಗವಿಯ ಕತ್ತಲು. ಹಗಲೋ ಇರುಳೋ ತಿಳಿಯದು. ರಾತ್ರಿ ಎರಡು ಸಲ ಏಳುವ ಹಿರಿಯರಿಗೆ ಅದು ಒಳ್ಳೆಯದಲ್ಲ. ಮಿಗಿಲಾಗಿ, ಹೊರಗೆ ಹೋಗಲಾಗದ ದಿನ ಅಮ್ಮ ಆ ನಾಲ್ಕು ಗೋಡೆಗಳ ನಡುವೆ ಏನನ್ನು ನೋಡುತ್ತ ಕೂರಬೇಕು?

ಹೀಗೆ ಕಿಟಕಿ ಗೆದ್ದಿತು. ಆದರೆ ಎಲ್ಲ ಕಿಟಕಿಗಳೂ ಒಂದೇ ಅಲ್ಲ ಎಂಬುದನ್ನು ನಾನು ದುಡ್ಡು ಕೊಟ್ಟೇ ಕಲಿತಿದ್ದೆ. ಎರಡು ವರ್ಷದ ಹಿಂದೆ ಹೆಂಡತಿಯೊಂದಿಗೆ ಇದೇ ದಾರಿಯಲ್ಲಿ ಹೋಗಿದ್ದೆ. ಅಗ್ಗವೆಂದು 'ಭಾಗಶಃ ಮರೆಯಾದ ನೋಟ' ಎಂಬ ಕೋಣೆಯನ್ನು ಕೊಂಡಿದ್ದೆ. ಪರದೆ ಸರಿಸಿದರೆ ಕಿಟಕಿಯ ತುಂಬ ಕಿತ್ತಳೆ ಬಣ್ಣದ ಲೈಫ್ ಬೋಟ್! ಅದರ ಮೇಲಂಚಿನಲ್ಲಿ ಒಂದು ಗೇಣು ಆಕಾಶ. ಏಳು ದಿನ ಆ ದೋಣಿಯ ಮೊಳೆಗಳನ್ನು ಎಣಿಸಿದ್ದಾಯಿತು. ಸ್ವಾಗತ ಕಟ್ಟೆಯಲ್ಲಿ ದೂರಿದರೆ, "ಮರೆಯಿದೆಯೆಂದು ನಾವು ಮೊದಲೇ ಬರೆದಿದ್ದೆವಲ್ಲ" ಎಂಬ ವಿನಯದ ಉತ್ತರ ಬಂತು. ಅವರ ಮಾತು ಸುಳ್ಳಲ್ಲ. ಓದದೆ ಒತ್ತಿದ್ದು ನಾನು. 'ಭಾಗಶಃ' ಎಂಬ ಪದಕ್ಕೆ ಅಷ್ಟು ದೊಡ್ಡ ಹೊಟ್ಟೆಯಿದೆಯೆಂದು ಮಾತ್ರ ಗೊತ್ತಿರಲಿಲ್ಲ.

ಆದ್ದರಿಂದ ಈ ಸಲ ಹಡಗಿನ ನಕ್ಷೆಯನ್ನು ಮನೆಯ ನೀಲನಕ್ಷೆಯಂತೆ ಹರಡಿಕೊಂಡು ಕುಳಿತೆ. ಹಡಗು ತೊನೆಯುವಾಗ ತೊಟ್ಟಿಲ ತುದಿಗಳಂತೆ ಮುಂತುದಿ, ಹಿಂತುದಿ ಮತ್ತು ಮೇಲಂತಸ್ತುಗಳು ಹೆಚ್ಚು ಆಡುತ್ತವೆ. ನಡುಭಾಗದ ಕೆಳ ಅಂತಸ್ತು ಕಡಿಮೆ ಆಡುತ್ತದೆ. ಸಿಯಾಟಲ್‌ನಿಂದ ಹೊರಡುವವರಿಗೆ ಇದು ಬರಿಯ ಸೂಕ್ಷ್ಮವಲ್ಲ. ಕೆನಡಾದ ವ್ಯಾಂಕೂವರ್ ನಗರದಿಂದ ಹೊರಡುವ ಹಡಗುಗಳು ಬಹುಮಟ್ಟಿಗೆ ದ್ವೀಪಗಳ ಮರೆಯಲ್ಲಿ ಶಾಂತ ನೀರಿನಲ್ಲಿ ಸಾಗಿದರೆ, ಸಿಯಾಟಲ್‌ನ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರಕ್ಕೆ ಇಳಿಯುತ್ತವೆ. ಹೊಟ್ಟೆ ತೊಳಸುವುದು ಅಲ್ಲಿಯೇ. ಮುಂತುದಿಯ ಕೋಣೆಗಳಿಗೆ ಇನ್ನೂ ಒಂದು ತೊಡಕು: ನೇರ ಮುಂದಕ್ಕೆ ಮುಖ ಮಾಡಿದ ಕಿಟಕಿಗಳ ಪರದೆಯನ್ನು ರಾತ್ರಿ ಮುಚ್ಚಲೇಬೇಕು, ಏಕೆಂದರೆ ಆ ಬೆಳಕು ಹಡಗು ನಡೆಸುವವರ ಕಣ್ಣಿಗೆ ಅಡ್ಡಿ. ಮುಂಜಾನೆ ಬಂದರಿನಲ್ಲಿ ಲಂಗರಿನ ಸರಪಳಿಯ ಗಡಗಡ ಬೇರೆ.

ನಡುಭಾಗವಾದರೂ ನೆತ್ತಿಯ ಮೇಲೆ ಏನಿದೆ, ಅಡಿಯಲ್ಲಿ ಏನಿದೆ ಎಂದು ನೋಡಬೇಕು. ಮೇಲೆ ಅಡುಗೆಮನೆಯಿದ್ದರೆ ಬೆಳಗಿನ ಜಾವಕ್ಕೇ ತಳ್ಳುಗಾಡಿಗಳ ಸದ್ದು. ಕೆಳಗೆ ನಾಟಕಶಾಲೆಯಿದ್ದರೆ ನಡುರಾತ್ರಿಯವರೆಗೆ ತಮಟೆ. ಮೇಲೂ ಕೆಳಗೂ ಮಲಗುವ ಕೋಣೆಗಳೇ ಇರುವುದು ಲೇಸು. ಪಕ್ಕದ ಕೋಣೆಗೆ ಒಳಬಾಗಿಲಿದ್ದರೆ ಅವರ ಸಂಸಾರದ ಮಾತೆಲ್ಲ ನಮ್ಮದಾಗುತ್ತದೆ. ಲಿಫ್ಟ್ ಹತ್ತಿರವಿರಬೇಕು, ಆದರೆ ಎದುರಿಗೇ ಬೇಡ. ಹಿರಿಯರನ್ನು ಕರೆದೊಯ್ಯುವವರು ಬಚ್ಚಲಿನ ಹೊಸ್ತಿಲನ್ನು ಮರೆಯಬಾರದು. ಹಡಗಿನ ಬಚ್ಚಲುಗಳಿಗೆ ನೀರು ಹೊರಬಾರದಂತೆ ಸಣ್ಣ ಏರು ಇರುತ್ತದೆ. ನಿದ್ದೆಗಣ್ಣಿನಲ್ಲಿ ಎಡವಲು ಅಷ್ಟು ಸಾಕು. ಕಡೆಯದಾಗಿ, 'ಗ್ಯಾರಂಟಿ' ಎಂಬ ಅಗ್ಗದ ದರವೊಂದಿದೆ: ಕೋಣೆಯ ಬಗೆಯಷ್ಟೇ ಖಾತ್ರಿ, ಯಾವ ಕೋಣೆ ಎಂಬುದನ್ನು ಹಡಗಿನವರೇ ನಿರ್ಧರಿಸುತ್ತಾರೆ. ಹರೆಯದವರಿಗೆ ಅದು ಸರಿ. ಅಮ್ಮನ ಉಸಿರನ್ನು ನಾನು ಅವರ ಚೀಟಿ ಎತ್ತುವಿಕೆಗೆ ಬಿಡಲಾರೆ.

ಐದನೆಯ ಅಂತಸ್ತಿನ ನಡುವಿನಲ್ಲಿ ಅಪ್ಪ ಅಮ್ಮನಿಗೆ ದೊಡ್ಡ ಚೌಕ ಕಿಟಕಿಯ ಕೋಣೆ ಸಿಕ್ಕಿತು. ಅದರೆದುರಿಗೇ, ಓಣಿಯ ಈಚೆ ಬದಿಯಲ್ಲಿ, ನಮಗಿಬ್ಬರಿಗೆ ಒಳಕೋಣೆ. ಓಷನ್ ವ್ಯೂ ಕೋಣೆಗಳ ಎದುರುಸಾಲು ಸಾಮಾನ್ಯವಾಗಿ ಒಳಕೋಣೆಗಳದೇ ಆಗಿರುವುದರಿಂದ ಇಂಥ ಜೋಡಣೆ ಸುಲಭ. ಎರಡು ಬಾಲ್ಕನಿಗಳ ಬದಲು ಹೀಗೆ ಮಾಡಿದ್ದರಿಂದ ಉಳಿದ ಹಣದಲ್ಲಿ ಅವರಿಬ್ಬರಿಗೂ ಒಳ್ಳೆಯ ವಿಮೆ ಮಾಡಿಸಿದೆ. ಇದನ್ನು ಒತ್ತಿ ಹೇಳಬೇಕು: ಭಾರತದಿಂದ ಬರುವ ಹಿರಿಯರ ಪ್ರಯಾಣ ವಿಮೆಯಲ್ಲಿ ಮೊದಲೇ ಇರುವ ಕಾಯಿಲೆಗಳಿಗೆ ಅನೇಕ ವೇಳೆ ಮಿತಿಗಳಿರುತ್ತವೆ. ಹಡಗಿನ ವೈದ್ಯರ ಬಿಲ್ಲು, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಗಿ ಬಂದರೆ ಅದರ ವೆಚ್ಚ ಇವೆಲ್ಲ ಅದರಲ್ಲಿ ಸೇರಿವೆಯೇ ಎಂದು ಅಕ್ಷರಶಃ ಓದಿ ನೋಡಬೇಕು.

ಇನ್ನೊಂದು ಕಾಗದದ ವಿಷಯವಂತೂ ಎಷ್ಟೋ ಕುಟುಂಬಗಳನ್ನು ಬಂದರಿನಿಂದಲೇ ಹಿಂದಿರುಗಿಸುವಂಥದು. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಜನರನ್ನು ಹತ್ತಿಸಿಕೊಂಡು ಇಂಥ ಸುತ್ತುಪ್ರವಾಸ ಮಾಡಬೇಕಾದರೆ ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ದೊಡ್ಡ ಪ್ರವಾಸಿ ಹಡಗುಗಳು ಬಹುತೇಕ ವಿದೇಶಿ ಧ್ವಜದವೇ. ಸಿಯಾಟಲ್‌ನ ಹಡಗುಗಳು ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುವುದರ ಗುಟ್ಟು ಇದೇ. ಆ ಕೆಲವು ಗಂಟೆಗಾಗಿ ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ ವಿನಾಯಿತಿ. "ನಾವು ಇಳಿಯುವುದೇ ಇಲ್ಲ" ಎಂದರೆ ನಡೆಯದು. ಸಿಯಾಟಲ್‌ನಲ್ಲಿ ಹತ್ತುವಾಗಲೇ ಕೇಳುತ್ತಾರೆ. ಅಪ್ಪ ಅಮ್ಮ ಊರು ಬಿಡುವ ಮೊದಲೇ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದರು. ಮರಳಿ ಅಮೆರಿಕ ಪ್ರವೇಶಿಸಬೇಕಾದ್ದರಿಂದ ಅಮೆರಿಕದ ವೀಸಾ ಕೂಡ ಹಲವು ಪ್ರವೇಶಗಳಿಗೆ ಅವಕಾಶವಿರುವಂಥದೇ ಆಗಿರಬೇಕು.

ಹಡಗು ಹತ್ತಿದ ಮರುದಿನ ಸಾಗರ ತನ್ನ ಗುಣ ತೋರಿಸಿತು. ಊಟದ ಮನೆಯಲ್ಲಿ ಅರ್ಧ ಮೇಜುಗಳು ಖಾಲಿ. ನನ್ನ ಹೆಂಡತಿ ಒಳಕೋಣೆಯಲ್ಲಿ ಮುಸುಕೆಳೆದು ಮಲಗಿದವಳು, ಮಧ್ಯಾಹ್ನ ಎದ್ದು ಓಣಿ ದಾಟಿ ಅಮ್ಮನ ಕಿಟಕಿಯ ಬಳಿ ಬಂದು ಕುಳಿತಳು. ದಿಗಂತ ಕಾಣುತ್ತಿದ್ದರೆ ಹೊಟ್ಟೆ ಸ್ವಲ್ಪ ಮಾತು ಕೇಳುತ್ತದೆ. ಅಮ್ಮನಿಗೆ ಏನೂ ಆಗಿರಲಿಲ್ಲ. ಶಾಲು ಹೊದ್ದು, ಕಿಟಕಿಯ ಅಗಲವಾದ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತು, ಫ್ಲಾಸ್ಕಿನ ಬಿಸಿನೀರು ಗುಟುಕರಿಸುತ್ತ ಅವಲಕ್ಕಿ ಪೊಟ್ಟಣ ಬಿಚ್ಚಿದ್ದಳು. ಕೋಣೆಯಲ್ಲಿ ವಿದ್ಯುತ್ ಕೆಟಲ್ ಇಡುವಂತಿಲ್ಲ; ಬಿಸಿನೀರನ್ನು ಊಟದ ಅಂತಸ್ತಿನಿಂದಲೇ ತುಂಬಿಸಿ ತರಬೇಕು. ಆ ಕೆಲಸ ನನ್ನದಾಗಿತ್ತು.

ಜೂನೋ, ಸ್ಕ್ಯಾಗ್ವೇಗಳ ವಿವರ ಬೇಡ. ಅವುಗಳನ್ನು ಬರೆದವರು ಬೇಕಾದಷ್ಟಿದ್ದಾರೆ. ಗ್ಲೇಷಿಯರ್ ಬೇ ರಾಷ್ಟ್ರೀಯ ಉದ್ಯಾನದ ದಿನದ ಬಗ್ಗೆ ಮಾತ್ರ ಹೇಳಬೇಕು. ಇದು ಟ್ಲಿಂಗಿಟ್ ಜನರ ಮೂಲನೆಲೆ. ದಿನಕ್ಕೆ ಎರಡಕ್ಕಿಂತ ಹೆಚ್ಚು ದೊಡ್ಡ ಹಡಗುಗಳಿಗೆ ಪ್ರವೇಶವಿಲ್ಲ. 1794ರಲ್ಲಿ ವ್ಯಾಂಕೂವರ್ ನೇತೃತ್ವದ ತಂಡ ಬಂದಾಗ ಈ ಕೊಲ್ಲಿಯ ಬಾಯಿಯವರೆಗೂ ಹಿಮವೇ ತುಂಬಿತ್ತು. 1879ರಲ್ಲಿ ಜಾನ್ ಮ್ಯೂರ್ ಬರುವ ಹೊತ್ತಿಗೆ ಅದು ನಲವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಉದ್ಯಾನದ ರೇಂಜರ್‌ಗಳು ಹಡಗಿಗೇ ಬಂದು ವಿವರಿಸುತ್ತಾರೆ. ಮಾರ್ಜರಿ ಹಿಮನದಿಯ ಅಗಲ ಸುಮಾರು ಒಂದು ಮೈಲಿ, ನೀರಿನ ಮೇಲೆ ಕಾಣುವ ಎತ್ತರ ಸುಮಾರು 250 ಅಡಿ. ಅದರ ಮುಂದೆ ಹಡಗು ನಿಂತಲ್ಲೇ ನಿಧಾನವಾಗಿ ತಿರುಗುತ್ತದೆ. ಎಡಬದಿಯ ಕೋಣೆ ಒಳ್ಳೆಯದೋ ಬಲಬದಿಯದೋ ಎಂದು ತಲೆ ಕೆಡಿಸಿಕೊಳ್ಳುವವರು ಇದನ್ನು ತಿಳಿದಿದ್ದರೆ ಸಾಕು. ಇಬ್ಬರಿಗೂ ಸರದಿ ಬರುತ್ತದೆ.

ನಮ್ಮ ಸರದಿ ಬಂದಾಗ ಕಿಟಕಿಯ ತುಂಬ ನೀಲಿ. ಒಂದು ಕಡೆ ಹಿಮದ ಗೋಡೆ ಜಾರಿ ನೀರಿಗೆ ಬಿತ್ತು. ಅಮ್ಮ ಉಸಿರು ಬಿಗಿಹಿಡಿದು ನೋಡಿದಳು. ಆಮೇಲೆ ಕೇಳಿದಳು: "ಅಲ್ಲ ಮಾರಾಯ, ಅಷ್ಟು ದೊಡ್ಡದು ಬಿತ್ತು, ಸದ್ದೇ ಆಗ್ಲಿಲ್ವಲ್ಲ?"

ಕಿಟಕಿಯ ಕೊರತೆ ಇದೇ. ಅದು ತೆರೆಯುವುದಿಲ್ಲ. ಗಾಳಿಯನ್ನು ತಡೆದಂತೆ ಸದ್ದನ್ನೂ ತಡೆಯುತ್ತದೆ. ಬಾಲ್ಕನಿಯ ಪರ ವಾದಿಸಿದ ಸ್ನೇಹಿತರ ಮಾತಿನಲ್ಲಿ ನಿಜವಿದ್ದದ್ದು ಇಲ್ಲಿ ಮಾತ್ರ, ಮತ್ತು ಅದು ಸಣ್ಣ ನಿಜವಲ್ಲ. ಏನು ಮಾಡುವುದೆಂದು ನಾನು ಯೋಚಿಸುತ್ತಿರುವಾಗಲೇ ಅಮ್ಮ ಎದ್ದು ಇನ್‌ಹೇಲರ್ ತೆಗೆದುಕೊಂಡಳು; ಉಣ್ಣೆಯ ಟೋಪಿ, ಅದರ ಮೇಲೆ ಶಾಲು, ಮೂಗುಬಾಯಿಗೆ ಮಾಸ್ಕ್. ಲಿಫ್ಟಿನಲ್ಲಿ ಹೋಗಿ, ತೆರೆದ ಅಂತಸ್ತಿನಲ್ಲಿ ಗಾಳಿಯ ಮರೆ ಹುಡುಕಿ, ಗೋಡೆಗೆ ಆತು ನಿಂತೆವು. ಗಡಿಯಾರ ನೋಡುತ್ತಲೇ ಇದ್ದೆ. ಹನ್ನೆರಡನೆಯ ನಿಮಿಷಕ್ಕೆ ಮತ್ತೊಂದು ತುಂಡು ಕಳಚಿತು. ಮೊದಲು ನೀರು ಎದ್ದಿತು, ಆಮೇಲೆ ಸದ್ದು ಬಂತು, ದೂರದ ಬೆಟ್ಟದಾಚೆ ಗುಡುಗಿದಂತೆ. "ಸಾಕು, ನಡಿ" ಎಂದಳು. ಕೆಳಗಿಳಿದ ಮೇಲೆ ಸ್ವಲ್ಪ ಕೆಮ್ಮು ಬಂತು, ನಿಂತಿತು. ಉಳಿದ ಮಧ್ಯಾಹ್ನವೆಲ್ಲ ಅವಳು ಕಿಟಕಿಯ ಬಳಿಯೇ ಇದ್ದಳು. ಹೊರಗೆ ತೇಲುವ ಹಿಮಗಡ್ಡೆಗಳ ಮೇಲೆ ಮಲಗಿದ್ದ ಸೀಲ್‌ಗಳನ್ನು ಮೊದಲು ಕಂಡದ್ದೂ ಅವಳೇ.

ಇತ್ತ ಅಪ್ಪನ ಕತೆ ಬೇರೆ. ಜೂನ್ ಮೂರನೆಯ ವಾರದಲ್ಲಿ ಜೂನೋದ ಹಗಲು ಹದಿನೆಂಟು ಗಂಟೆಗಿಂತ ದೀರ್ಘ. ಸೂರ್ಯ ಮುಳುಗುವುದು ರಾತ್ರಿ ಹತ್ತರ ಬಳಿಕ, ಹುಟ್ಟುವುದು ನಾಲ್ಕರೊಳಗೆ. ಕಿಟಕಿ ಯಾಕೆ ಎಂದು ಕೇಳಿದವರು ದಿನಾ ನಾಲ್ಕಕ್ಕೆ ಪರದೆ ಸರಿಸಿ, "ಬೆಳಗಾಯ್ತು ಕಣೇ" ಎಂದು ಅಮ್ಮನನ್ನು ಎಬ್ಬಿಸುತ್ತಿದ್ದರಂತೆ. "ನಿಮ್ಮ ಅಪ್ಪನಿಗೆ ಆ ಕತ್ತಲೆ ಕೋಣೆಯನ್ನೇ ಕೊಡಬೇಕಿತ್ತು" ಎಂದು ಅಮ್ಮ ದೂರಿದಳು.

ಕೊನೆಯ ಬೆಳಿಗ್ಗೆ ಹಡಗು ಸಿಯಾಟಲ್ ತಲುಪುವ ಮೊದಲು ಅವರ ಕೋಣೆಗೆ ಹೋದೆ. ಪೆಟ್ಟಿಗೆಗಳು ಸಿದ್ಧವಾಗಿದ್ದವು. ಅಪ್ಪ ಕೋಟು ತೊಟ್ಟು ಕಿಟಕಿಯ ಕಟ್ಟೆಯ ಮೇಲೆ ಕುಳಿತು ದಡದ ದೀಪಗಳನ್ನು ನೋಡುತ್ತಿದ್ದರು. ತಿರುಗದೆಯೇ ಕೇಳಿದರು:

"ವಾಪಸ್ ಹೋಗೋ ವಿಮಾನದಲ್ಲಿ ನಮಗೆ ಕಿಟಕಿ ಸೀಟು ಹಾಕಿಸಿದೀಯೇನೋ?"

ಮಂಡಿ ಚಾಚಲು ಅನುಕೂಲವಾಗಲೆಂದು ನಾನು ಓಣಿಬದಿಯ ಸೀಟುಗಳನ್ನು ಕಾಯ್ದಿರಿಸಿದ್ದೆ.