ನಿಮಗಿದು ಗೊತ್ತೇ? ಹೈದರಾಬಾದಿನಲ್ಲಿ ಹತ್ತು ದಿನ ಬಾಯಿಗೆ ಬೀಗ!

ಭಾರತದ ಮೊದಲ ವಿಪಶ್ಯನ ಧ್ಯಾನಕೇಂದ್ರ ಎಲ್ಲಿದೆ, ಹೇಳಿ ನೋಡೋಣ. ಇಗತ್‌ಪುರಿ ಅಂದಿರಾ? ಬೋಧಗಯಾ? ಎರಡೂ ಅಲ್ಲ! ಬಿರಿಯಾನಿ, ಇರಾನಿ ಚಹಾ, ಹಾರ್ನ್ ಸದ್ದಿನ ಊರಾದ ಹೈದರಾಬಾದಿನಲ್ಲಿ! ನಾಗಾರ್ಜುನಸಾಗರ ರಸ್ತೆಯ ಧಮ್ಮಖೇತ್ತ 1976ರಲ್ಲೇ ಶುರುವಾಯಿತು.

ಅದನ್ನು ಆರಂಭಿಸಿದ ಸತ್ಯನಾರಾಯಣ ಗೋಯೆಂಕಾ ಸನ್ಯಾಸಿಯಲ್ಲ, ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ವ್ಯಾಪಾರಿ. ಅವರನ್ನು ಧ್ಯಾನಕ್ಕೆ ಎಳೆದದ್ದು ಮೋಕ್ಷದ ಆಸೆಯೂ ಅಲ್ಲ, ಮೈಗ್ರೇನ್ ತಲೆನೋವು! ದೇಶವಿದೇಶದ ವೈದ್ಯರೆಲ್ಲ ಕೈಚೆಲ್ಲಿದ ಮೇಲೆ 1955ರಲ್ಲಿ ಗುರುವಿನ ಬಾಗಿಲಿಗೆ ಬಂದರು. ಗುರು ಏನಂದರು ಗೊತ್ತೇ? ಬರೀ ತಲೆನೋವಿಗಾದರೆ ಬರಲೇಬೇಡ ಅಂದುಬಿಟ್ಟರು!

ಆ ಗುರು ಯಾರು? ಕಾಡಿನ ಋಷಿ ಅಂದುಕೊಂಡಿರಾ? ಸಯಾಜಿ ಊ ಬಾ ಖಿನ್, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್! ಲೆಕ್ಕಪತ್ರದ ನಡುವೆಯೇ ಕಚೇರಿಯ ನೌಕರರಿಗೂ ಧ್ಯಾನ ಕಲಿಸುತ್ತಿದ್ದರು. ನಮ್ಮ ಖಜಾನೆ ಕಚೇರಿಯಲ್ಲಿ ಹೀಗಾದರೆ ಹೇಗಿರುತ್ತೆ, ಊಹಿಸಿಕೊಳ್ಳಿ!

ಧಮ್ಮಖೇತ್ತದ ಶಿಬಿರ ಹತ್ತು ದಿನ. ಮಾತಿಲ್ಲ. ಫೋನಿಲ್ಲ. ಪುಸ್ತಕ ಇಲ್ಲ, ಪೆನ್ನೂ ಇಲ್ಲ. ಪಕ್ಕದವರಿಗೆ ಕಣ್ಸನ್ನೆ ಕೂಡ ಮಾಡುವಂತಿಲ್ಲ! ಬೆಳಗಿನ ಜಾವ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ. ದಿನಕ್ಕೆ ಸುಮಾರು ಹತ್ತು ಗಂಟೆ ಧ್ಯಾನ. ಇನ್ನು ರಾತ್ರಿಯೂಟವೋ? ಅದೂ ಇಲ್ಲ! ಹೊಸಬರಿಗೆ ಸಂಜೆ ಚಹಾ, ಹಣ್ಣು. ಹಳಬರಿಗೆ ನಿಂಬೆ ನೀರೇ ಗತಿ. ಬಿರಿಯಾನಿ ಊರಿನಲ್ಲಿ ಇಂಥ ವ್ರತ!

ಮೊದಲ ಮೂರು ದಿನ ಏನು ಕಲಿಸುತ್ತಾರೆ? ಮೂಗಿನ ಹತ್ತಿರ ಉಸಿರು ಬರುತ್ತದೆ, ಹೋಗುತ್ತದೆ. ಅದನ್ನು ಗಮನಿಸಿ. ಅಷ್ಟೇ! ಉಸಿರನ್ನು ಹಿಡಿಯುವುದು, ಎಣಿಸುವುದು, ಏನೂ ಇಲ್ಲ. ಸುಲಭ ಅನ್ನಿಸಿತೇ? ಈಗಲೇ ಒಂದು ನಿಮಿಷ ಮಾಡಿ ನೋಡಿ. ಮನಸ್ಸು ಅಷ್ಟರಲ್ಲೇ ಸಂತೆಗೆ ಹೋಗಿ ಬಂದಿರುತ್ತದೆ!

ಫೀಸು ಎಷ್ಟು? ಸೊನ್ನೆ! ಊಟ, ವಸತಿ ಎಲ್ಲ ಉಚಿತ. ನೀವೇ ದುಡ್ಡು ಕೊಡಲು ಹೋದರೂ, ಶಿಬಿರ ಪೂರ್ತಿ ಮುಗಿಸದವರ ಕಾಸನ್ನು ಅವರು ಮುಟ್ಟುವುದಿಲ್ಲ.

ಗೋಯೆಂಕಾ 2013ರಲ್ಲಿ ತೀರಿಕೊಂಡರು. ಆದರೆ ಪಾಠ ಮಾಡುವವರು ಇವತ್ತಿಗೂ ಅವರೇ! ಪ್ರತಿ ಸಂಜೆ ಅವರ ಧ್ವನಿಮುದ್ರಿತ ಪ್ರವಚನ ಕೇಳಿಸುತ್ತಾರೆ.

ಜೈಲಿನಲ್ಲೂ ಈ ಪಾಠ ನಡೆದಿದೆ. 1975ರಲ್ಲಿ ಜೈಪುರದ ಜೈಲಿನಲ್ಲಿ ಮೊದಲ ಶಿಬಿರ. 1994ರಲ್ಲಿ ದಿಲ್ಲಿಯ ತಿಹಾರ್‌ನಲ್ಲಿ ಒಂದೇ ಸಲಕ್ಕೆ ಸಾವಿರಕ್ಕೂ ಹೆಚ್ಚು ಕೈದಿಗಳು ಕಣ್ಮುಚ್ಚಿ ಕೂತರು!

ಧ್ಯಾನ ಅಂದರೆ ಪದ್ಮಾಸನವೇ ಬೇಕೆಂದಿಲ್ಲ. ಬೌದ್ಧರ ಸತಿಪಟ್ಠಾನ ಸುತ್ತದ ಪ್ರಕಾರ ನಡೆಯುತ್ತ, ನಿಂತು, ಮಲಗಿ ಕೂಡ ಎಚ್ಚರದಿಂದಿರುವುದನ್ನು ಅಭ್ಯಾಸ ಮಾಡಬಹುದು. ಹೈದರಾಬಾದಿನ ಹುಸೇನ್ ಸಾಗರ ಕೆರೆಯ ಬುದ್ಧನನ್ನೇ ನೋಡಿ, ನಿಂತಿದ್ದಾನೆ! ಒಂದೇ ಕಲ್ಲು, ಸುಮಾರು 350 ಟನ್. 1990ರಲ್ಲಿ ಸಾಗಿಸುವಾಗ ದೋಣಿ ವಾಲಿ ಕೆರೆಗೆ ಬಿತ್ತು, ಜೀವಗಳೂ ಹೋದವು. ಎರಡು ವರ್ಷಕ್ಕೂ ಹೆಚ್ಚು ಕಾಲ ನೀರಿನಡಿ ಇದ್ದ ಬುದ್ಧ 1992ರ ಡಿಸೆಂಬರ್‌ನಲ್ಲಿ ಎದ್ದು ನಿಂತ!

ಊರಾಚೆಗಿನ ಕಾನ್ಹಾ ಶಾಂತಿವನಕ್ಕೆ ಹೋಗಿದ್ದೀರಾ? ಹಾರ್ಟ್‌ಫುಲ್‌ನೆಸ್ ಸಂಸ್ಥೆಯ ಕೇಂದ್ರ ಅದು. ಅಲ್ಲಿನ ಧ್ಯಾನಮಂದಿರ 2020ರಲ್ಲಿ ತೆರೆಯಿತು. ಒಟ್ಟಿಗೆ ಎಷ್ಟು ಜನ ಕೂರಬಹುದು? ಒಂದು ಲಕ್ಷ! ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಎರಡು ಸಲ ತುಂಬಿದರೂ ಅಷ್ಟಾಗುವುದಿಲ್ಲ. ಗದ್ದಲ ಮಾತ್ರ ಒಂದಿಷ್ಟೂ ಇಲ್ಲ!

ಅಮೆರಿಕದ ಆಸ್ಪತ್ರೆಗಳಲ್ಲಿ ಹೆಸರಾದ ಮೈಂಡ್‌ಫುಲ್‌ನೆಸ್ ತರಗತಿ ಗೊತ್ತಲ್ಲ? ಜಾನ್ ಕಬತ್‌-ಜಿನ್ 1979ರಲ್ಲಿ ಮ್ಯಾಸಚುಸೆಟ್ಸ್‌ನಲ್ಲಿ ಶುರುಮಾಡಿದ ಎಂಟು ವಾರಗಳ ಪಾಠ. ಅಡಿಯಿಂದ ಮುಡಿಯವರೆಗೆ ಮೈಯನ್ನು ಗಮನಿಸುವ ಅದರ ‘ಬಾಡಿ ಸ್ಕ್ಯಾನ್’ನ ಬೇರು ಎಲ್ಲಿದೆ ಅಂತೀರಿ? ಅದೇ ಬರ್ಮಾದ ಲೆಕ್ಕಾಧಿಕಾರಿಯ ಪರಂಪರೆಯಲ್ಲಿ!

ಆ ತರಗತಿಯ ಮೊದಲ ಪಾಠ ಇನ್ನೂ ಮಜಾ. ಒಂದು ಒಣದ್ರಾಕ್ಷಿ ಕೊಡುತ್ತಾರೆ. ನೋಡಬೇಕು, ಮುಟ್ಟಬೇಕು, ಮೂಸಬೇಕು, ನಾಲಿಗೆಯ ಮೇಲಿಡಬೇಕು, ಆಮೇಲೆ ನಿಧಾನವಾಗಿ ಅಗಿಯಬೇಕು. ಇದಕ್ಕೇ ಹಲವು ನಿಮಿಷ! ಮನೆಯಲ್ಲಿ ವಿಜಯಪುರದ ದ್ರಾಕ್ಷಿ ಇದ್ದರೆ ನೀವೂ ಮಾಡಿ ನೋಡಿ. ಒಂದೇ ಒಂದು, ತಿಳಿಯಿತೇ? ಡಬ್ಬಿ ಪೂರ್ತಿ ಅಲ್ಲ!